ಪಟ್ಟಿಯ ತಳದಲ್ಲಿರುವ ಫುಟ್‌ಬಾಲ್ ತಂಡವನ್ನು ಕೈಗೆತ್ತಿಕೊಂಡವರಿಗೆ

ನಿಮ್ಮೂರಿನ ಕ್ಲಬ್ ಲೀಗ್ ಪಟ್ಟಿಯ ತಳದಲ್ಲಿದೆ. ಹಿಂದಿನ ಕೋಚ್ ಬಿಟ್ಟು ಹೋಗಿದ್ದಾರೆ. ಕಮಿಟಿಯವರು ನಿಮ್ಮ ಮನೆಗೆ ಬಂದು, ಕಾಫಿ ಕುಡಿದು, "ಇನ್ಮೇಲೆ ನೀವೇ ನೋಡ್ಕೋಬೇಕು ಸರ್" ಅಂತ ಹೇಳಿ ಹೋಗಿದ್ದಾರೆ. ಆ ರಾತ್ರಿಯೇ ಕೂತು 4-4-2 ಆಡಿಸಲಾ, 4-3-3 ಆಡಿಸಲಾ, ಯಾರನ್ನು ಎಲ್ಲಿ ನಿಲ್ಲಿಸಲಿ ಅಂತ ಹಾಳೆ ಮೇಲೆ ಚುಕ್ಕಿ ಇಡಬೇಡಿ. ಅದಕ್ಕೆ ಟೈಮ್ ಇದೆ. ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಪುಟ ಕೊಡಿ.

ಆ ಪುಟದಲ್ಲಿ ಏನು ಬರೆಯಬೇಕು? ಮನೆ ಎಲ್ಲಿ, ಕೆಲಸ ಏನು, ಶಿಫ್ಟ್ ಎಷ್ಟರಿಂದ ಎಷ್ಟಕ್ಕೆ, ವಾರದ ರಜೆ ಯಾವತ್ತು. ಬೈಕ್ ಇದೆಯಾ? ಇಲ್ಲದಿದ್ದರೆ ಯಾವ ಬಸ್, ಊರಿಗೆ ಕೊನೆ ಬಸ್ ಎಷ್ಟಕ್ಕೆ. ಹಿಂದೆ ಎಲ್ಲಿ ಪೆಟ್ಟಾಗಿತ್ತು. ಮನೆಯವರ ಫೋನ್ ನಂಬರ್. ಕೊನೆಯಲ್ಲಿ ಅವನಿಗೆ ಆಡಲು ಇಷ್ಟವಾದ ಜಾಗ. ಇದನ್ನು ಫಾರಂ ಥರ ಕೊಟ್ಟು ತುಂಬಿಸಬೇಡಿ. ಒಬ್ಬೊಬ್ಬನ ಜೊತೆ ಗ್ರೌಂಡ್ ಸುತ್ತ ನಡೆಯುತ್ತಾ ಕೇಳಿ.

ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆ ಮತ್ತು ಭಾನುವಾರ ಒಂದು ಸಣ್ಣ ಕ್ಲಬ್ಬಿನ ಕೋಚ್. ಮೊದಲು ಅದೇ ಕ್ಲಬ್ಬಿಗೆ ಲೆಫ್ಟ್ ಬ್ಯಾಕ್ ಆಡುತ್ತಿದ್ದೆ. ಇಷ್ಟು ವರ್ಷ ಒಳಗಿದ್ದು ನೋಡಿದ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಗಿದೆ. ತಳದಲ್ಲಿರುವ ತಂಡಗಳು ಆಟ ಬಾರದೆ ಸೋಲುವುದಕ್ಕಿಂತ ಜನ ಬಾರದೆ ಸೋಲುವುದೇ ಜಾಸ್ತಿ. ಪ್ರತಿ ವಾರ ಬೇರೆ ಬೇರೆ ಹನ್ನೊಂದು ಜನ ಇಳಿದರೆ ಯಾವ ಕೋಚ್ ಬಂದರೂ ಏನೂ ಮಾಡಲು ಆಗುವುದಿಲ್ಲ. ಫುಟ್‌ಬಾಲ್ ನಿಯಮದ ಪ್ರಕಾರ ಒಂದು ಕಡೆ ಏಳು ಜನಕ್ಕಿಂತ ಕಡಿಮೆ ಇದ್ದರೆ ಪಂದ್ಯ ಶುರು ಮಾಡುವ ಹಾಗೇ ಇಲ್ಲ. ನಮ್ಮ ಕಡೆ ಎಂಟು ಜನ ನಿಂತು ಆಡುವ ತಂಡಗಳನ್ನು ನೀವೂ ನೋಡಿರುತ್ತೀರಿ. ಅಂಥ ತಂಡದ ಹುಡುಗರಿಗೆ ಆಟ ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಬೇಜಾರಾಗುತ್ತದೆ. ಎಂಟು ಜನ ಹನ್ನೊಂದು ಜನರ ಜಾಗ ಹೇಗೆ ತುಂಬುತ್ತಾರೆ?

ಅಡಿಕೆ, ಶಿಫ್ಟ್, ರೈಲು

ಮಲೆನಾಡಿನಲ್ಲಿ ತಂಡ ನಡೆಸುವವನಿಗೆ ಲೀಗಿನ ವೇಳಾಪಟ್ಟಿ ಎಷ್ಟು ಮುಖ್ಯವೋ ತೋಟದ ವೇಳಾಪಟ್ಟಿಯೂ ಅಷ್ಟೇ ಮುಖ್ಯ. ಅಕ್ಟೋಬರ್ ಹೊತ್ತಿಗೆ ಅಡಿಕೆ ಕೊಯ್ಲು ಜೋರಾದರೆ ಜನವರಿ ತನಕ ಬಿಡುವಿಲ್ಲ. ಮನೆಯಲ್ಲಿ ಒಂದೆಕರೆ ತೋಟ ಇರುವ ಹುಡುಗ ಹಗಲು ಅಡಿಕೆ ಕೊನೆ (ಗೊನೆ) ಹೊರುತ್ತಾನೆ, ರಾತ್ರಿ ಸುಲಿಯಲು ಕೂರುತ್ತಾನೆ. ಕೊಯ್ದ ಹಸಿ ಅಡಿಕೆಯನ್ನು ಬೇಗ ಸುಲಿದು ಬೇಯಿಸಲೇಬೇಕು, ಅದು ಯಾರಿಗೂ ಕಾಯುವುದಿಲ್ಲ. ಹನ್ನೊಂದು ಹನ್ನೆರಡರ ತನಕ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವನನ್ನು ಬೆಳಿಗ್ಗೆ ಆರಕ್ಕೆ ಜೋರಾಗಿ ಓಡಿಸಿದರೆ ತೊಡೆಯ ಹಿಂಭಾಗ ಹಿಡಿದುಕೊಳ್ಳುತ್ತದೆ. ಒಮ್ಮೆ ಹಿಡಿದರೆ ಮೂರು ನಾಲ್ಕು ವಾರ ಅವನು ಇಲ್ಲ. "ಸೀರಿಯಸ್‌ನೆಸ್ ಇಲ್ಲ" ಅಂತ ಅವನನ್ನು ಬೈಯಬೇಡಿ. ಅವನ ಮನೆಯ ವರ್ಷದ ದುಡ್ಡು ಅದರಲ್ಲೇ ಇದೆ.

ಆ ತಿಂಗಳುಗಳಲ್ಲಿ ಪ್ರಾಕ್ಟೀಸ್ ವಾರಕ್ಕೆ ಎರಡೇ ಸಾಕು. ಆದರೆ ಆ ಎರಡು ದಿನ ಯಾವ ಕಾರಣಕ್ಕೂ ಬದಲಾಗಬಾರದು. ವಾರಕ್ಕೆ ಐದು ದಿನ ಪ್ರಾಕ್ಟೀಸ್ ಇಟ್ಟು ದಿನಕ್ಕೆ ಆರು ಜನ ಬರುವುದಕ್ಕಿಂತ ಎರಡು ದಿನ ಹದಿನಾಲ್ಕು ಜನ ಬರುವುದು ಎಷ್ಟೋ ಒಳ್ಳೆಯದು. ಒಂದು ದಿನ ಮೈ ಬೆವರುವ ಆಟ ಇಡಿ. ಇನ್ನೊಂದು ದಿನ ಕಾರ್ನರ್, ಫ್ರೀ ಕಿಕ್, ನಿಲ್ಲುವ ಜಾಗ ಹೇಳಿಕೊಡುವ ನಿಧಾನದ ಪ್ರಾಕ್ಟೀಸ್ ಇಡಿ. ಸುಸ್ತಾದವನೂ ಎರಡನೆಯದಕ್ಕೆ ಬಂದು ಕಲಿಯಬಹುದು.

ಜಾತ್ರೆಗಳನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿ ಹುಡುಗರು ಸಿಗುವುದಿಲ್ಲ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಅದು ಬಂದಾಗ ಮನೆತುಂಬ ನೆಂಟರು. ಲೀಗಿನ ದಿನಾಂಕ ಹಾಕುವ ಮೊದಲೇ ಸೆಕ್ರೆಟರಿಗೆ ಕಾಗದ ಕೊಟ್ಟರೆ ಪಂದ್ಯ ಹಿಂದೆ ಮುಂದೆ ಮಾಡಿಕೊಡುವ ಸಾಧ್ಯತೆ ಇರುತ್ತದೆ. ಹಿಂದಿನ ದಿನ ಫೋನ್ ಮಾಡಿ ಕೇಳಿದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಕೆಲಸ ಮಾಡುವ ಹುಡುಗರು ತಂಡದಲ್ಲಿದ್ದರೆ ಅವರ ಸೂಪರ್‌ವೈಸರ್ ಹತ್ತಿರ ನೀವೇ ಹೋಗಿ ಮಾತಾಡಿ. "ಸರ್, ಭಾನುವಾರ ಮ್ಯಾಚ್ ಇದೆ, ಇವನಿಗೆ ಒಂದು ಶಿಫ್ಟ್ ಅದಲುಬದಲು ಮಾಡಿಕೊಡ್ತೀರಾ" ಅಂತ ಹುಡುಗ ಕೇಳುವುದಕ್ಕೂ, ವಯಸ್ಸಾದ ನೀವು ಹೋಗಿ ಕೇಳುವುದಕ್ಕೂ ವ್ಯತ್ಯಾಸ ಇದೆ. ಒಪ್ಪಿದವರನ್ನು ಒಂದು ಮ್ಯಾಚಿಗೆ ಕರೆಯಿರಿ. ಬಂದು ನೋಡಿದವರು ಮುಂದಿನ ಸಲ ಸುಲಭವಾಗಿ ಒಪ್ಪುತ್ತಾರೆ.

ಇನ್ನು ಬೆಂಗಳೂರಲ್ಲಿ ಕೆಲಸ ಮಾಡುವವರು. ಶನಿವಾರ ರಾತ್ರಿ ತಾಳಗುಪ್ಪ ರೈಲು ಹತ್ತಿ ಭಾನುವಾರ ನಸುಕಿನಲ್ಲಿ ಶಿವಮೊಗ್ಗದಲ್ಲಿ ಇಳಿಯುತ್ತಾರೆ. ಊರಿನ ತಂಡಕ್ಕಾಗಿ ನಿದ್ದೆಗೆಟ್ಟು ಬರುವ ಆ ಹುಡುಗರ ಮೇಲೆ ನನಗೆ ತುಂಬಾ ಗೌರವ. ಆದರೂ ಅವರನ್ನು ಶುರುವಿನಿಂದ ಆಡಿಸಬೇಡಿ. ಮನೆಗೆ ಹೋಗಿ ಮಲಗಲು ಹೇಳಿ, ಸೆಕೆಂಡ್ ಹಾಫ್‌ನಲ್ಲಿ ಇಳಿಸಿ. ವಾರವಿಡೀ ಪ್ರಾಕ್ಟೀಸಿಗೆ ಬಂದ ಹುಡುಗನ ಜಾಗವನ್ನು ಭಾನುವಾರ ಮಾತ್ರ ಬರುವವನಿಗೆ ಕೊಟ್ಟರೆ, ಮುಂದಿನ ವಾರ ಪ್ರಾಕ್ಟೀಸಿಗೆ ಯಾರು ಬರುತ್ತಾರೆ ಹೇಳಿ?

ಒಂಬತ್ತು ಜನ ಬಂದ ದಿನ

ಹದಿನೆಂಟು ಜನಕ್ಕೆ ಅಂತ ಪ್ಲಾನ್ ಮಾಡಿಕೊಂಡು ಹೋಗಿ, ಒಂಬತ್ತು ಜನ ಬಂದಾಗ ಮುಖ ಸಣ್ಣ ಮಾಡಬೇಡಿ. ಬಂದವರಿಗೆ ಒಳ್ಳೆಯ ಪ್ರಾಕ್ಟೀಸ್ ಸಿಗಲೇಬೇಕು. ಒಂಬತ್ತು ಜನಕ್ಕೆ ಸರಿಹೊಂದುವ ಪ್ಲಾನ್ ಯಾವಾಗಲೂ ಜೇಬಲ್ಲಿರಲಿ.

ವಾರ್ಮಪ್‌ಗೆ ಫಿಫಾ 11+ ಅನ್ನುವ ಕ್ರಮ ಇದೆ. ಸುಮಾರು 20 ನಿಮಿಷದ್ದು, ಮೂರು ಭಾಗ. ಮೊದಲು ನಿಧಾನದ ಓಟ, ಆಮೇಲೆ ತೊಡೆ, ಹೊಟ್ಟೆ, ಬ್ಯಾಲೆನ್ಸ್‌ಗೆ ವ್ಯಾಯಾಮ, ಕೊನೆಗೆ ಜೋರಿನ ಓಟ. ಬಾಲ್ ಬಿಟ್ಟರೆ ಬೇರೆ ಸಾಮಾನೇ ಬೇಡ. ವಾರಕ್ಕೆ ಎರಡು ಸಲ ತಪ್ಪದೆ ಮಾಡಿದ ತಂಡಗಳಲ್ಲಿ ಗಾಯ ಕಡಿಮೆಯಾಗಿದ್ದು ಅಧ್ಯಯನಗಳಲ್ಲಿ ಕಂಡಿದೆ. ಹುಡುಗರಿಗೆ ಇದು ಬೋರ್ ಅನ್ನಿಸುತ್ತದೆ, ಬಿಡಬೇಡಿ. ಹದಿನಾರೇ ಜನ ಇರುವ ಕ್ಲಬ್ಬಿಗೆ ಒಬ್ಬನ ಮಂಡಿಗೆ ಪೆಟ್ಟಾದರೂ ದೊಡ್ಡ ನಷ್ಟ.

ಆಮೇಲೆ ಹತ್ತು ಹದಿನೈದು ನಿಮಿಷ, ಸಣ್ಣ ಚೌಕದ ಸುತ್ತ ಆರು ಜನ, ಒಳಗೆ ಬಾಲ್ ಕಸಿಯಲು ಇಬ್ಬರು. ಎರಡೇ ಟಚ್. ಗೋಲಿ, ಅಂದರೆ ಗೋಲ್‌ಕೀಪರ್, ಆ ಹೊತ್ತಿನಲ್ಲಿ ಪಕ್ಕದಲ್ಲಿ ನಿಮ್ಮ ಜೊತೆ ಬಾಲ್ ಹಿಡಿಯುತ್ತಿರಲಿ. ಮುಗಿದ ಕೂಡಲೇ ನಾಲ್ಕು-ನಾಲ್ಕು ಜನರ ಮ್ಯಾಚ್, ಗೋಲು ಕಂಬ ಒಂದೇ ಕಡೆ. ಒಂದು ತಂಡ ಗೋಲು ಹೊಡೆಯಬೇಕು, ಇನ್ನೊಂದು ಬಾಲ್ ಕಸಿದು ಹಾಫ್ ಲೈನ್ ದಾಟಿಸಬೇಕು. ಎಂಟು ನಿಮಿಷಕ್ಕೊಮ್ಮೆ ಬದಲಾಯಿಸಿ. ತಳದ ತಂಡಕ್ಕೆ ಇದಕ್ಕಿಂತ ಒಳ್ಳೆಯ ಆಟ ನಾನು ಕಂಡಿಲ್ಲ. ಮ್ಯಾಚಿನಲ್ಲಿ ನಾವು ಮಾಡಬೇಕಾಗಿರುವುದು ಮುಕ್ಕಾಲು ಪಾಲು ಅದೇ.

ಗ್ರೌಂಡ್ ಸುತ್ತ ಹತ್ತು ರೌಂಡ್ ಓಡಿಸುವುದನ್ನು ಮಾತ್ರ ನಿಲ್ಲಿಸಿ. ದಿನವಿಡೀ ಮೂಟೆ ಹೊತ್ತವನಿಗೆ ಬಾಲ್ ಇಲ್ಲದ ಓಟ ಶಿಕ್ಷೆ.

ಗೋಲು ಬಿಟ್ಟುಕೊಡದ ಆಟ

ಈಗ ಚುಕ್ಕಿ ಇಡಿ. ನನ್ನ ಸಲಹೆ 4-4-2. ಯಾಕೆಂದರೆ ಯಾರು ಎಲ್ಲಿ ನಿಲ್ಲಬೇಕು ಅನ್ನುವುದು ಹೊಸ ಹುಡುಗನಿಗೂ ಒಂದೇ ದಿನದಲ್ಲಿ ಅರ್ಥವಾಗುತ್ತದೆ. ಹಿಂದೆ ಕಾಯುವ ನಾಲ್ವರು ಬ್ಯಾಕ್, ಅವರ ಮುಂದೆ ಹತ್ತು ಹನ್ನೆರಡು ಮೀಟರ್ ದೂರದಲ್ಲಿ ನಡುವೆ ಆಡುವ ನಾಲ್ವರು ಹಾಫ್, ಮುಂದೆ ಇಬ್ಬರು ಸ್ಟ್ರೈಕರ್. ಎದುರಾಳಿ ಹತ್ತಿರ ಬಾಲ್ ಇದ್ದಾಗ ನಮ್ಮ ಕೊನೆಯ ಬ್ಯಾಕ್‌ನಿಂದ ಮುಂದಿನ ಸ್ಟ್ರೈಕರ್ ತನಕ 30-35 ಮೀಟರ್ ಮೀರಬಾರದು. ತೋಟಕ್ಕೆ ಬೇಲಿ ಹಾಕಿದ ಹಾಗೆ ಇದು. ಮೂರು ಕಡೆ ಗಟ್ಟಿ ಇದ್ದು ಒಂದು ಕಡೆ ಸಂದು ಬಿಟ್ಟರೆ ದನ ಅಲ್ಲೇ ನುಗ್ಗುತ್ತದೆ.

ಬ್ಯಾಕ್‌ಗಳಿಗೆ ಕಲಿಸಲು ಹಗ್ಗ ತಗೊಳ್ಳಿ. ನಾಲ್ವರೂ ಸಾಲಾಗಿ ನಿಂತು, ನಡುವೆ ಎಂಟೆಂಟು ಮೀಟರ್ ಬಿಟ್ಟು ಒಂದೇ ಹಗ್ಗ ಹಿಡಿಯಲಿ. ನೀವು ಬಾಲ್ ತಗೊಂಡು ಎದುರಲ್ಲಿ ಎಡಕ್ಕೆ ಬಲಕ್ಕೆ ಓಡಾಡಿ. ಹಗ್ಗ ಜೋತು ಬೀಳಬಾರದು, ಎಳೆದು ಕೈ ತಪ್ಪಲೂಬಾರದು. ಆಮೇಲೆ ಹಗ್ಗ ಬಿಡಿಸಿ ಅದೇ ಓಡಾಟ ಮಾಡಿಸಿ. ಬಾಯಲ್ಲಿ ನೂರು ಸಲ "ಲೈನ್ ಹಿಡೀರೋ" ಅಂತ ಕೂಗುವುದಕ್ಕಿಂತ ಇದರಲ್ಲಿ ಬೇಗ ಕಲಿಯುತ್ತಾರೆ.

ಇನ್ನೊಂದು ನಿಯಮ ಕೊಡಿ. ಬಾಲ್ ಇರುವ ಎದುರಾಳಿ ತಲೆ ಎತ್ತಿ ನೋಡುತ್ತಿದ್ದಾನೆ, ಅವನ ಮೇಲೆ ಯಾರೂ ಇಲ್ಲ ಅಂದರೆ ಇಡೀ ಲೈನ್ ಹಿಂದೆ ಬರಬೇಕು. ಅವನ ಬೆನ್ನು ನಮ್ಮ ಕಡೆಗಿದೆ, ಇಲ್ಲವೇ ತಲೆ ತಗ್ಗಿದೆ ಅಂದರೆ ಮುಂದೆ ಹೋಗಬೇಕು. ಬ್ಯಾಕ್‌ಗಳು ಬಾಲ್ ನೋಡುವುದನ್ನು ಬಿಟ್ಟು ಬಾಲ್ ಇರುವವನ ಮುಖ ನೋಡಲು ಕಲಿತ ದಿನ ಗೋಲು ಬಿಟ್ಟುಕೊಡುವುದು ಕಡಿಮೆ ಆಗುತ್ತದೆ.

ಕೂಗುವ ಮಾತುಗಳನ್ನೂ ಗೊತ್ತು ಮಾಡಿ. ನಮ್ಮ ತಂಡಗಳಲ್ಲಿ ಮನೆಯಲ್ಲಿ ಕನ್ನಡ, ಉರ್ದು, ತಮಿಳು ಮಾತಾಡುವ ಹುಡುಗರು ಒಟ್ಟಿಗೆ ಆಡುತ್ತಾರೆ. ಗಾಬರಿಯಲ್ಲಿ ಒಬ್ಬೊಬ್ಬ ಒಂದೊಂದು ಭಾಷೆಯಲ್ಲಿ ಕೂಗಿದರೆ ಇಬ್ಬರೂ ಬಾಲ್ ಬಿಡುತ್ತಾರೆ. "ನಂದು", "ಹೊಡಿ", "ಮ್ಯಾನ್". ಈ ಮೂರು ಸಾಕು. "ಮ್ಯಾನ್" ಅಂದರೆ ಎದುರಾಳಿ ಹತ್ತಿರ ಬಂದ ಅಂತ. "ನಂದು" ಅಂತ ಗೋಲಿ ಕೂಗಿದರೆ ಬೇರೆ ಯಾರೂ ಮುಟ್ಟಬಾರದು.

ಗೋಲು ಹೊಡೆಯಲು ಸತ್ತ ಬಾಲ್‌ಗಳನ್ನು ನಂಬಿ. ಕಾರ್ನರ್, ಫ್ರೀ ಕಿಕ್, ಥ್ರೋ. ದೊಡ್ಡ ತಂಡದ ಎದುರು ಓಡಾಟದಲ್ಲಿ ನಾವು ಸಮ ಆಗದಿದ್ದರೂ ನಿಂತ ಬಾಲ್ ಎದುರು ಎಲ್ಲರೂ ಸಮ. ಥ್ರೋ ಇನ್, ಗೋಲ್ ಕಿಕ್, ಕಾರ್ನರ್ ಈ ಮೂರರಿಂದ ನೇರವಾಗಿ ಬಂದ ಬಾಲ್‌ಗೆ ಆಫ್‌ಸೈಡ್ (ಎದುರಾಳಿ ಬ್ಯಾಕ್‌ಗಳ ಹಿಂದೆ ಮೊದಲೇ ನಿಂತವನಿಗೆ ಬಾಲ್ ಕೊಟ್ಟರೆ ಆಗುವ ತಪ್ಪು) ಇಲ್ಲ. ಎಷ್ಟೋ ವರ್ಷ ಆಡಿದವರೂ ಥ್ರೋ ವಿಷಯದಲ್ಲಿ ಇದನ್ನು ಮರೆಯುತ್ತಾರೆ. ಉದ್ದ ಎಸೆಯುವ ಒಬ್ಬನನ್ನು ಹುಡುಕಿ, ಸ್ಟ್ರೈಕರ್ ಬ್ಯಾಕ್‌ಗಳ ಹಿಂದೆ ಹೋಗಿ ನಿಲ್ಲಲಿ. ಕೊನೆ ಕೊಯ್ದು, ಮೂಟೆ ಎತ್ತಿ ಭುಜ ಗಟ್ಟಿಯಾದ ಹುಡುಗ ನಿಮ್ಮಲ್ಲಿ ಇದ್ದೇ ಇರುತ್ತಾನೆ. ಕಾರ್ನರ್‌ಗೆ ಎರಡೇ ಪ್ಲಾನ್ ಇಟ್ಟುಕೊಳ್ಳಿ, ಹತ್ತಿರದ ಕಂಬಕ್ಕೆ ಒಂದು, ದೂರದ ಕಂಬಕ್ಕೆ ಒಂದು. ಮೂರನೆಯದು ಮ್ಯಾಚಿನಲ್ಲಿ ಯಾರಿಗೂ ನೆನಪಿರುವುದಿಲ್ಲ.

ಪಾಯಿಂಟಿನ ಲೆಕ್ಕವನ್ನು ಹುಡುಗರ ಮುಂದೆ ಕೂತು ಹಾಕಿ. ಗೆದ್ದರೆ 3, ಡ್ರಾ ಆದರೆ 1. ಹತ್ತು ಪಂದ್ಯ ಡ್ರಾ ಮಾಡಿದರೆ 10 ಪಾಯಿಂಟ್. ನಾಲ್ಕು ಗೆದ್ದು ಆರು ಸೋತರೆ 12. ಹಾಗಾಗಿ ನಮ್ಮಷ್ಟೇ ಬಲದ ತಂಡಗಳ ಎದುರು ಗೆಲ್ಲಲು ಹೋಗಬೇಕು, ಕೊನೆಯ ಇಪ್ಪತ್ತು ನಿಮಿಷದಲ್ಲಿ ಡ್ರಾ ಕಾಯುತ್ತಾ ಕೂರಬಾರದು. ದೊಡ್ಡ ತಂಡದ ಎದುರು 0-1ರಲ್ಲಿ ಹಿಂದಿದ್ದರೆ, ಅದು 0-5 ಆಗದಂತೆ ನೋಡಿಕೊಳ್ಳುವುದೂ ಕೆಲಸವೇ. ಪಾಯಿಂಟ್ ಸಮ ಆದಾಗ ಎಷ್ಟೋ ಲೀಗ್‌ಗಳಲ್ಲಿ ಗೋಲುಗಳ ಅಂತರ ನೋಡುತ್ತಾರೆ. ನಿಮ್ಮ ಲೀಗಿನ ನಿಯಮದ ಹಾಳೆ ತರಿಸಿ ಓದಿ.

ಮಳೆ, ಕೆಸರು, ಕಾಡಂಚು

ಶಿವಮೊಗ್ಗ ನಗರದ ಮಳೆಯೇ ಬೇರೆ, ಘಟ್ಟದಂಚಿನ ಮಳೆಯೇ ಬೇರೆ. ಆಗುಂಬೆಯ ಸರಾಸರಿ ಮಳೆ ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ. ತೀರ್ಥಹಳ್ಳಿ, ಹೊಸನಗರ ಕಡೆ ಜುಲೈನಲ್ಲಿ ಪಂದ್ಯ ಇದ್ದರೆ ಒಂದು ಗಂಟೆ ಮುಂಚೆ ಹೋಗಿ ಗ್ರೌಂಡಿನಲ್ಲಿ ಬಾಲ್ ಉರುಳಿಸಿ ನೋಡಿ. ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಅಂತ ಹುಡುಗರಿಗೆ ತೋರಿಸಿ. ನೀರು ನಿಂತ ಕಡೆ ನೆಲದ ಪಾಸ್ ಬೇಡ, ಎತ್ತಿ ಕೊಡಿ. ನಮ್ಮ ಗೋಲಿನ ಮುಂದೆ ಕೆಸರಿದ್ದರೆ ಗೋಲಿಗೆ ಹಿಂದಕ್ಕೆ ಪಾಸ್ ಕೊಡಲೇಬಾರದು. ಒದ್ದೆ ಬಾಲ್ ಅನ್ನು ಗೋಲಿ ಹಿಡಿಯಲು ಹೋಗುವುದಕ್ಕಿಂತ ಗುದ್ದಿ ಬದಿಗೆ ಕಳಿಸುವುದು ಒಳ್ಳೆಯದು. ಎದುರಾಳಿ ಗೋಲಿಗೂ ಅದೇ ಕಷ್ಟ ತಾನೇ? ದೂರದಿಂದಲೇ ಹೊಡೆಯಿರಿ, ಕೈ ಜಾರಿದ ಬಾಲ್‌ಗೆ ಇಬ್ಬರು ಓಡಿ ಹೋಗಲಿ.

ಬಾಲ್ ಗಾಳಿ ಅಳೆಯುವ ಗೇಜ್ ಒಂದು ಇಟ್ಟುಕೊಳ್ಳಿ. ನಿಯಮದಲ್ಲಿ ಹೇಳಿರುವುದು 8.5ರಿಂದ 15.6 ಪಿಎಸ್‌ಐ.

ಏಪ್ರಿಲ್ ಮೇ ಸಂಜೆಯ ಗುಡುಗಿನ ಬಗ್ಗೆ ನಾನು ಬಹಳ ಕಟ್ಟುನಿಟ್ಟು. ಗುಡುಗು ಕೇಳಿದ ಕೂಡಲೇ ಎಲ್ಲರೂ ಗ್ರೌಂಡ್ ಬಿಟ್ಟು ಗಟ್ಟಿ ಕಟ್ಟಡದ ಒಳಗೆ ಹೋಗಬೇಕು, ಮರದ ಕೆಳಗೆ ನಿಲ್ಲಬಾರದು. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು. ಫೈನಲ್ ಆದರೂ ಅಷ್ಟೇ.

ಬೇಸಿಗೆಯಲ್ಲಿ ನಮ್ಮ ಕೆಂಪು ಜಂಬಿಟ್ಟಿಗೆ ನೆಲ ಮಂಡಿ ಸುಲಿಯುತ್ತದೆ. ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಟಿಟಿ ಇಂಜೆಕ್ಷನ್ ಯಾವಾಗ ತಗೊಂಡಿದ್ದ ಅಂತ ಅದೇ ನೋಟ್‌ಬುಕ್‌ನಲ್ಲಿ ಬರೆದಿಡಿ.

ಡಿಸೆಂಬರ್‌ನಿಂದ ಮೇ ತನಕ ಕಾಡಂಚಿನ ಊರುಗಳಲ್ಲಿ ಆಡುವಾಗ ಮಂಗನ ಕಾಯಿಲೆ ನೆನಪಿರಲಿ. 1957ರಲ್ಲಿ ಈ ಕಾಯಿಲೆ ಮೊದಲು ಗೊತ್ತಾದದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ. ಬಾಲ್ ಪೊದೆಗೆ ಹೋದರೆ ಸಣ್ಣ ಹುಡುಗರನ್ನು ಓಡಿಸಬೇಡಿ. ಉಣುಗು ಹತ್ತದಂತೆ ಮೈಗೆ ಹಚ್ಚಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಕಿಟ್ ಬ್ಯಾಗಿನಲ್ಲಿರಲಿ. ಮನೆಗೆ ಹೋದ ಮೇಲೆ ಬಿಸಿನೀರು ಸ್ನಾನ ಮಾಡಿ ಮೈಯೆಲ್ಲ ನೋಡಿಕೊಳ್ಳಲು ಹೇಳಿ. ಆ ದಿನಗಳಲ್ಲಿ ಜೋರು ಜ್ವರ, ಮೈಕೈ ನೋವು ಅಂತ ಯಾರಾದರೂ ಫೋನ್ ಮಾಡಿದರೆ ಮಾತ್ರೆ ಹೇಳಬೇಡಿ, ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಕಳಿಸಿ.

ಮ್ಯಾಚ್ ದಿನ

ಪಂದ್ಯಕ್ಕೆ ಮೂರು ಗಂಟೆ ಮೊದಲು ಊಟ ಮುಗಿದಿರಲಿ. ಚಿತ್ರಾನ್ನ, ಕಡುಬು, ಅಕ್ಕಿ ರೊಟ್ಟಿ, ಮನೆಯಲ್ಲಿ ಏನಿದೆಯೋ ಅದು. ಎಣ್ಣೆಯದು ಬೇಡ. ಆಡುವ ಮುಂಚೆ ಒಂದು ಬಾಳೆಹಣ್ಣು. ಹಾಫ್‌ಟೈಮ್ 15 ನಿಮಿಷ ಮೀರುವ ಹಾಗಿಲ್ಲ. ಅದರಲ್ಲಿ ಮೊದಲ ಐದು ನಿಮಿಷ ಬಾಯಿ ಬಿಡಬೇಡಿ. ನೀರು ಕುಡಿಯಲಿ, ಉಸಿರು ಕೂಡಲಿ. ಆಮೇಲೆ ಎರಡು ವಿಷಯ ಮಾತ್ರ ಹೇಳಿ. ರೆಫ್ರಿ ಜೊತೆ ಕ್ಯಾಪ್ಟನ್ ಒಬ್ಬನೇ ಮಾತಾಡಬೇಕು. ಬೇರೆಯವರು ಬಾಯಿ ಮಾಡಿ ಹಳದಿ ಕಾರ್ಡ್ ತಗೊಂಡರೆ ಮುಂದಿನ ಪಂದ್ಯಕ್ಕೆ ಕೂರಿಸಿ, ಎಷ್ಟೇ ಒಳ್ಳೆ ಆಟಗಾರ ಆದರೂ.

ಸೋತ ಮೇಲೆ ಏನು ಹೇಳಬೇಕು ಅನ್ನುವುದೇ ಕೋಚ್‌ಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಗ್ರೌಂಡಿನಲ್ಲಿ ಏನೂ ವಿವರಿಸಬೇಡಿ. "ಬಟ್ಟೆ ಬದಲಾಯಿಸಿ, ಮನೆಗೆ ಹೋಗಿ, ಬುಧವಾರ ಸಿಗೋಣ" ಅಂದರೆ ಸಾಕು. ತಪ್ಪು ಮಾಡಿದವನಿಗೆ ತನ್ನ ತಪ್ಪು ಗೊತ್ತಿರುತ್ತದೆ, ನೋಡುತ್ತಿದ್ದ ಜನರೂ ಹೇಳಿರುತ್ತಾರೆ. ಅದೇ ರಾತ್ರಿ ಗೋಲಿಗೆ ಫೋನ್ ಮಾಡಿ. ಐದು ಗೋಲು ತಿಂದ ಗೋಲಿ ಒಬ್ಬನೇ ರೂಮಿನಲ್ಲಿ ಮಲಗಿ ಎಲ್ಲವನ್ನೂ ಮತ್ತೆ ಮತ್ತೆ ನೋಡುತ್ತಿರುತ್ತಾನೆ. ಊಟ ಆಯ್ತಾ ಅಂತ ಕೇಳಿ. ಅವನು ಉಳಿಸಿದ ಒಂದು ಬಾಲ್ ನೆನಪು ಮಾಡಿ. ಸುಮ್ನೆ ಹೊಗಳಬೇಡಿ, ನಿಜವಾಗಿ ಉಳಿಸಿದ್ದನ್ನೇ ಹೇಳಿ. ಹುಡುಗರು ಕ್ಲಬ್ ಬಿಡುವುದು ಸೋತಿದ್ದಕ್ಕಲ್ಲ ಅಂತ ನಾನು ನಂಬಿದ್ದೇನೆ. ಸೋತ ದಿನ ಯಾರೂ ತಮ್ಮನ್ನು ಕೇಳಲಿಲ್ಲ ಅನ್ನುವುದಕ್ಕೇ ಬಿಡುತ್ತಾರೆ.

ಬುಧವಾರ ಬಂದಾಗ ಒಂದೇ ತಪ್ಪನ್ನು ತಗೊಂಡು ಪ್ರಾಕ್ಟೀಸ್ ಮಾಡಿಸಿ. ಒಂದು ವಾರಕ್ಕೆ ಒಂದು.

ದುಡ್ಡು, ಕಾಗದಪತ್ರ

ಸ್ಪಾನ್ಸರ್ ಕೇಳಲು ಒಂದು ಕಾಲ ಇದೆ. ಅಡಿಕೆ ಮಾರಾಟವಾಗಿ ಊರಲ್ಲಿ ದುಡ್ಡು ಓಡಾಡುವಾಗ, ಅಂದರೆ ಕೊಯ್ಲು ಮುಗಿದ ಮೇಲೆ ಹೋಗಿ. ಮಳೆಗಾಲದಲ್ಲಿ ಕೇಳಿದರೆ ಪ್ರೀತಿ ಇದ್ದವರ ಕೈಯೂ ಖಾಲಿ. ಒಬ್ಬರ ಹತ್ತಿರ ದೊಡ್ಡ ಮೊತ್ತ ಕೇಳುವ ಬದಲು ಚೂರು ಚೂರು ಮಾಡಿ. ಗ್ಯಾರೇಜಿನವರು ಎರಡು ಬಾಲ್, ಮೆಡಿಕಲ್ ಶಾಪಿನವರು ಫಸ್ಟ್ ಏಡ್, ಮಂಡಿಯವರು ಜೆರ್ಸಿ, ಬಸ್ಸಿನವರು ಒಂದು ಟ್ರಿಪ್. ಬಂದದ್ದು, ಖರ್ಚಾದದ್ದು ಪ್ರತಿ ತಿಂಗಳು ವಾಟ್ಸಾಪ್ ಗ್ರೂಪಿಗೆ ಫೋಟೋ ತೆಗೆದು ಹಾಕಿ, ಚಹಾದ ಖರ್ಚೂ ಸೇರಿಸಿ. ಲೆಕ್ಕ ಬರೆಯುವವನಾಗಿ ಹೇಳುತ್ತೇನೆ, ಲೆಕ್ಕ ತೋರಿಸಿದ ಕ್ಲಬ್ಬಿಗೆ ಜನ ಎರಡನೇ ವರ್ಷವೂ ಕೊಡುತ್ತಾರೆ.

"ನಮ್ಮ ಕಡೆ ಫುಟ್‌ಬಾಲ್ ಯಾರು ನೋಡ್ತಾರೆ" ಅಂತ ಕೇಳುವವರಿಗೆ 2023ರ ಮಾರ್ಚ್ ನೆನಪಿಸಿ. ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು, 54 ವರ್ಷಗಳ ನಂತರ.

ನೋಂದಣಿ ವಿಷಯದಲ್ಲಿ ಸೋಮಾರಿತನ ಬೇಡ. ಅಧಿಕೃತ ಪಂದ್ಯಗಳಿಗೆ ಆಟಗಾರರ ಹೆಸರು ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ (ಎಐಎಫ್‌ಎಫ್) ನಡೆಸುವ ಸಿಆರ್‌ಎಸ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಸೇರುತ್ತದೆ. ಪ್ರತಿಯೊಬ್ಬನ ಜನನ ಪ್ರಮಾಣಪತ್ರ, ಆಧಾರ್, ಫೋಟೋ ಮೊದಲೇ ಒಂದು ಫೈಲಿನಲ್ಲಿರಲಿ. ಆಧಾರ್‌ನಲ್ಲೊಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲೊಂದು ಹೆಸರು ಇರುವ ಹುಡುಗರು ಬಹಳ. ತಿದ್ದಿಸಲು ವಾರಗಟ್ಟಲೆ ಬೇಕು, ಆದ್ದರಿಂದ ಸೀಸನ್ ಮುಗಿದ ಕೂಡಲೇ ಶುರು ಮಾಡಿ. ಜೊತೆಗೆ ನೀವೂ ಎಐಎಫ್‌ಎಫ್‌ನ ಡಿ ಲೈಸೆನ್ಸ್ ಅನ್ನುವ ಕೋಚಿಂಗ್ ಕೋರ್ಸಿಗೆ ಹೆಸರು ಕೊಡಿ, ಆಡಿದವನಿಗೂ ಕಲಿಸುವುದು ಬೇರೆ ವಿದ್ಯೆ.

ಕೊನೆಯ ಪಂದ್ಯದ ದಿನವೇ ಜೆರ್ಸಿಗಳನ್ನು ವಾಪಸ್ ತಗೊಂಡು ಎಣಿಸಿ. ಮುಂದಿನ ಭಾನುವಾರದಿಂದ ಬೆಳಿಗ್ಗೆ ಏಳಕ್ಕೆ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಆಟ ಇಡಿ, ಹುಡುಗಿಯರನ್ನೂ ಕರೆಯಿರಿ. ನಾಲ್ಕು ಬಾಲ್, ಎಂಟು ಕೋನ್ ಇದ್ದರೆ ಸಾಕು. ದೊಡ್ಡ ತಂಡದ ಇಬ್ಬರು ಹುಡುಗರು ಸರದಿ ಪ್ರಕಾರ ಬಂದು ಕಲಿಸಲಿ. ಬರುವ ಮಕ್ಕಳ ಅಪ್ಪ ಅಮ್ಮಂದಿರ ಫೋನ್ ನಂಬರ್ ಬರೆಯಲು ನೋಟ್‌ಬುಕ್‌ನ ಹಿಂದಿನ ಪುಟಗಳನ್ನು ಖಾಲಿ ಬಿಟ್ಟಿರಿ.